ಗದಗಿನ ಎದುರು ಅಭ್ಯಾಸ ಪಂದ್ಯ: ನಮ್ಮ ಹುಡುಗಿಯರಲ್ಲಿ ಯಾರು ಸಿದ್ಧ, ಯಾರಿಗೆ ಇನ್ನೂ ಕೆಲಸವಿದೆ

ಧಾರವಾಡದ ನಮ್ಮ ಕಾಲೇಜಿನ ಮಹಿಳಾ ಬ್ಯಾಸ್ಕೆಟ್‌ಬಾಲ್ ತಂಡ ಭಾನುವಾರದ ಅಭ್ಯಾಸ ಪಂದ್ಯದಲ್ಲಿ ಗದಗಿನ ಹುಡುಗಿಯರ ಎದುರು 45–50ರಿಂದ ಸೋತಿತು. ಆಟ ಮುಗಿಯುವಷ್ಟರಲ್ಲಿ ಅಂಕಣದ ಸುತ್ತ ನಿಂತಿದ್ದ ಹಳೆಯ ವಿದ್ಯಾರ್ಥಿಗಳ ಬಾಯಲ್ಲಿ ಒಂದೇ ಮಾತು: 7ನೇ ನಂಬರಿನವಳು ಸಿಕ್ಕಸಿಕ್ಕಲ್ಲಿಂದ ಎಸೆದು ಪಂದ್ಯ ಕೆಡಿಸಿದಳು. ಆ ದಿನ ಸ್ಕೋರ್ ಶೀಟ್ ಬರೆದವಳು ನಾನು. ಆ ಹಾಳೆಯನ್ನು ಎದುರಿಗಿಟ್ಟುಕೊಂಡು ಹೇಳುತ್ತೇನೆ, ಆ ಮಾತು ಸರಿಯಲ್ಲ.

ನಾನು ಇದೇ ಕಾಲೇಜಿಗೆ ಆಡಿದವಳು, ಯೂನಿವರ್ಸಿಟಿ ಬ್ಲೂ, ಅಂದರೆ ವಿಶ್ವವಿದ್ಯಾಲಯದ ತಂಡಕ್ಕೂ ಆಡಿದವಳು. ಈಗ ಹುಬ್ಬಳ್ಳಿಯಲ್ಲಿ ಬ್ಯಾಂಕ್ ನೌಕರಿ. ರಜೆಯ ದಿನ ಪಂದ್ಯವಿದ್ದರೆ ಚಿಗರಿ ಬಸ್ ಹತ್ತಿ ಧಾರವಾಡಕ್ಕೆ ಬಂದು ಮೇಜಿನ ಕೆಲಸ ಮಾಡಿಕೊಡುತ್ತೇನೆ. ಆಡಿದವರು ಇನ್ನೂ ಓದುವ ಮಕ್ಕಳು, ಆದ್ದರಿಂದ ಹೆಸರು ಬರೆಯುವುದಿಲ್ಲ. ಜೆರ್ಸಿಯ ನಂಬರು ಸಾಕು. ಈಗಿನ ಅಂತರರಾಷ್ಟ್ರೀಯ ನಿಯಮದಲ್ಲಿ 0, 00 ಮತ್ತು 1ರಿಂದ 99ರವರೆಗಿನ ಯಾವ ನಂಬರನ್ನಾದರೂ ತೊಡಬಹುದು. ನಮ್ಮ ತಂಡದ ಜೆರ್ಸಿಗಳು ಮಾತ್ರ ಹಳೆಯ ಪದ್ಧತಿಯಂತೆ 4ರಿಂದ 15ರವರೆಗೇ ಇವೆ. ಅದರಿಂದ ಆಟಕ್ಕೇನೂ ತೊಂದರೆಯಿಲ್ಲ.

ಸ್ಕೋರ್ ಶೀಟಿನಲ್ಲಿ, ಪಂದ್ಯದ ಹತ್ತು ಹತ್ತು ನಿಮಿಷದ ನಾಲ್ಕು ಭಾಗಗಳಲ್ಲಿ (ಕ್ವಾರ್ಟರ್), ಒಂದು ಮತ್ತು ಮೂರನೇ ಕ್ವಾರ್ಟರನ್ನು ಕೆಂಪು ಶಾಯಿಯಲ್ಲಿ, ಎರಡು ಮತ್ತು ನಾಲ್ಕನೆಯದನ್ನು ನೀಲಿ ಅಥವಾ ಕಪ್ಪು ಶಾಯಿಯಲ್ಲಿ ಬರೆಯುತ್ತೇವೆ. ಹೀಗಾಗಿ ಪಂದ್ಯ ಎಲ್ಲಿ ತಿರುಗಿತು ಎಂಬುದು ಹಾಳೆಯ ಮೇಲೆಯೇ ಬಣ್ಣದಲ್ಲಿ ಕಾಣುತ್ತದೆ. ಮೊದಲ ಹತ್ತು ನಿಮಿಷದಲ್ಲಿ ನಾವು 14–9ರಿಂದ ಮುಂದಿದ್ದೆವು. ಅರ್ಧ ಪಂದ್ಯಕ್ಕೆ 22–22. ಮೂರನೇ ಕ್ವಾರ್ಟರಿನಲ್ಲಿ ನಮ್ಮ ಕಡೆಗೆ ಕೆಂಪು ಶಾಯಿಯಲ್ಲಿ ಬಿದ್ದದ್ದು ಬರೀ 6, ಗದಗಿನ ಕಡೆಗೆ 16. ಆ ಹದಿನಾರರಲ್ಲಿ ಹತ್ತು ಪಾಯಿಂಟ್‌ಗಳು ಓಡಿ ಬಂದು ರಿಂಗಿನ ಹತ್ತಿರದಿಂದಲೇ ಹಾಕಿದ ಐದು ಎಸೆತಗಳಿಂದ, ಅಂದರೆ ಲೇಅಪ್‌ಗಳಿಂದ ಬಂದವು, ಐದಕ್ಕೂ ಎದುರು ನಿಂತವರು ಯಾರೂ ಇರಲಿಲ್ಲ. ನಾವು ಚೆಂಡು ಎಸೆದ ಮೇಲೆ ಐವರೂ ರಿಂಗನ್ನೇ ನೋಡುತ್ತ ನಿಲ್ಲುತ್ತಿದ್ದೆವು. ಗದಗಿನ ಸೆಂಟರ್ (ರಿಂಗಿನ ಹತ್ತಿರ ಆಡುವವಳು) ರಿಬೌಂಡ್, ಅಂದರೆ ತಪ್ಪಿ ಹಿಂದೆ ಬಂದ ಚೆಂಡು, ಹಿಡಿದವಳೇ ಅದನ್ನು ನೆಲಕ್ಕೆ ತಾಗಿಸದೆ ಪಕ್ಕದ ಗೆರೆಯ ಬಳಿ ಆಗಲೇ ಓಡತೊಡಗಿದ್ದ ತನ್ನ ಗಾರ್ಡ್‌ಗೆ (ಚೆಂಡನ್ನು ಮುಂದೆ ಒಯ್ಯುವವಳಿಗೆ) ಎಸೆಯುತ್ತಿದ್ದಳು. ಅವರು ಇದನ್ನು ಅಭ್ಯಾಸ ಮಾಡಿಕೊಂಡೇ ಬಂದಿದ್ದಾರೆ, ಹೊಗಳಬೇಕು. ಬೆಳಗಿನ ಬಸ್ಸಿಗೆ ಗದಗಿನಿಂದ ಹೊರಟು ಬಂದವರು ಮೂರನೇ ಕ್ವಾರ್ಟರಿನಲ್ಲಿ ನಮ್ಮವರಿಗಿಂತ ಜೋರಾಗಿ ಓಡಿದರು ಎಂಬುದು ನನಗೆ ನೋವಿನ ಸಂಗತಿ.

ಪಂದ್ಯ ಕೈತಪ್ಪಿದ್ದು ಮೂರನೇ ಕ್ವಾರ್ಟರಿನ ಆ ಹತ್ತು ನಿಮಿಷದಲ್ಲಿ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಒಬ್ಬೊಬ್ಬರನ್ನೇ ನೋಡೋಣ.

ಮೊದಲು 7, ಎಲ್ಲರೂ ಬೈದವಳು. ನಮ್ಮಲ್ಲಿ ಅತಿ ಹೆಚ್ಚು ಪಾಯಿಂಟ್ ಮಾಡಿದವಳು ಇವಳೇ: 13. ತಪ್ಪಿದ ಎಸೆತಗಳು ಬಹಳ, ನಿಜ. ಆದರೆ ಅವು ಹೇಗೆ ತಪ್ಪಿದವು ಎಂದು ನಾನು ಹಾಳೆಯ ಅಂಚಿನಲ್ಲಿ ಪೆನ್ಸಿಲಿನಿಂದ ಗುರುತು ಹಾಕುತ್ತ ಹೋದೆ. ಎಡಕ್ಕೆ ಬಲಕ್ಕೆ ಹೋದದ್ದು ಅಪರೂಪ. ಹೆಚ್ಚಿನವು ನೇರವಾಗಿ ಹೋಗಿ ರಿಂಗಿನ ಹಿಂಬದಿಗೆ ಬಡಿದು ಹೊರಬಿದ್ದವು. ಮಣಿಕಟ್ಟು ಸರಿಯಿದೆ, ಮೊಣಕೈ ಸರಿಯಿದೆ, ಗುರಿ ಸರಿಯಿದೆ, ದೂರ ಮಾತ್ರ ಹೆಚ್ಚು. ಕಾರಣ ಕ್ರೀಡಾ ಕೊಠಡಿಯಲ್ಲಿದೆ. ಮಹಿಳೆಯರ ಪಂದ್ಯಕ್ಕೆ 6ನೇ ಅಳತೆಯ ಚೆಂಡು, ತೂಕ 510ರಿಂದ 550 ಗ್ರಾಂ. ಪುರುಷರದು 7ನೇ ಅಳತೆ, 580ರಿಂದ 620 ಗ್ರಾಂ, ಸುತ್ತಳತೆಯೂ ಹೆಚ್ಚು. ನಮ್ಮಲ್ಲಿ ಹುಡುಗರಿಗೂ ಹುಡುಗಿಯರಿಗೂ ಸೇರಿ ಇರುವುದು ಪುರುಷರ ಚೆಂಡುಗಳು. ಮಳೆಗಾಲದುದ್ದಕ್ಕೂ ಇವರು ಅಭ್ಯಾಸ ಮಾಡಿದ್ದು ಆ ಭಾರದ ಚೆಂಡಿನಿಂದ. ಪಂದ್ಯದ ದಿನ ಗದಗಿನವರು ತಂದ ಹೊಸ 6ನೇ ಅಳತೆಯ ಚೆಂಡು ಕೈಗೆ ಬಂತು. ರೂಢಿಯಾದ ಬಲ ಹಾಕಿದರೆ ಹಗುರ ಚೆಂಡು ರಿಂಗನ್ನು ದಾಟದೆ ಇನ್ನೇನು ಮಾಡುತ್ತದೆ?

ಇದೇ ಕಾರಣಕ್ಕೆ ಫ್ರೀ ಥ್ರೋಗಳ (ಎದುರಾಳಿಯ ಫೌಲಿಗೆ ಸಿಗುವ, ತಲಾ ಒಂದು ಪಾಯಿಂಟಿನ ಎಸೆತಗಳ) ಲೆಕ್ಕವನ್ನೂ ನಾನು ಹುಡುಗಿಯರ ತಲೆಗೆ ಕಟ್ಟುವುದಿಲ್ಲ. 18 ಸಿಕ್ಕವು, 7 ಬಿದ್ದವು. ಐದು ಪಾಯಿಂಟ್‌ಗಳಿಂದ ಸೋತ ಪಂದ್ಯದಲ್ಲಿ ಹನ್ನೊಂದು ಫ್ರೀ ಥ್ರೋ ಹಾಳಾಗಿವೆ! ಸರಿಯಾದ ಚೆಂಡು ಕೊಟ್ಟು ದಿನವೂ ಅಭ್ಯಾಸದ ಕೊನೆಗೆ, ಕಾಲು ಸೋತಿರುವ ಹೊತ್ತಿನಲ್ಲಿ, ಎಸೆಯಿಸಿದರೆ ಈ ಲೆಕ್ಕ ಬದಲಾಗುತ್ತದೆ ಎಂಬ ನಂಬಿಕೆ ನನಗಿದೆ.

ಆದರೆ 7ಕ್ಕೆ ನನ್ನ ತಕರಾರು ಬೇರೆ ಇದೆ. ಎಸೆದ ಮೇಲೆ ಅವಳು ಕೈ ಮೇಲೆತ್ತಿದಂತೆಯೇ ನಿಂತು ನೋಡುತ್ತಾಳೆ. ಗದಗಿನವರ ಐದು ಲೇಅಪ್‌ಗಳಲ್ಲಿ ಮೂರಕ್ಕೆ ಹಿಂದೆ ಓಡಬೇಕಾಗಿದ್ದವಳು ಅವಳೇ. ಇನ್ನೊಂದು ಸಂಗತಿ: ನಮ್ಮ ಅಂಕಣದಲ್ಲಿ ಮೂರು ಪಾಯಿಂಟ್ ಗೆರೆ ಇನ್ನೂ ಹಳೆಯ 6.25 ಮೀಟರಿನಲ್ಲಿದೆ. ಅದನ್ನು 6.75 ಮೀಟರಿಗೆ ಸರಿಸಿದ್ದು 2010ರಲ್ಲಿ. ಅವಳು ಹಾಕಿದ ಮೂರು ಪಾಯಿಂಟಿನ ಎಸೆತಗಳು ಎರಡು. ಅವುಗಳಲ್ಲಿ ಒಂದು, ಹೊಸ ಗೆರೆಯಿರುವ ಅಂಕಣದಲ್ಲಿ ಎರಡೇ ಪಾಯಿಂಟ್ ಆಗುತ್ತಿತ್ತು. ಅಂತರ ಕಾಲೇಜು ಟೂರ್ನಿಗೆ ಹೋಗುವ ಮೊದಲು ಅವಳ ಪಾದಕ್ಕೆ ಆ ಅರ್ಧ ಮೀಟರ್ ರೂಢಿಯಾಗಬೇಕು. ಸುಣ್ಣದಲ್ಲಿ ಒಂದು ಗೆರೆ ಎಳೆದುಕೊಟ್ಟರೆ ಮುಗಿಯಿತು.

ಅದೇ ಹಳೆಯ ಗೆರೆಗಳು ನಮ್ಮ ಸೆಂಟರ್, 10ನೇ ನಂಬರಿನವಳ ಆಟವನ್ನೂ ಕೆಡಿಸಿವೆ. 2010ರವರೆಗೆ ರಿಂಗಿನ ಕೆಳಗಿನ ನಿರ್ಬಂಧಿತ ಜಾಗ ತಳದಲ್ಲಿ ಆರು ಮೀಟರ್ ಅಗಲವಿದ್ದು ಮೇಲೆ ಕಿರಿದಾಗುತ್ತಿತ್ತು. ಈಗ ಅದು 4.9 ಮೀಟರ್ ಅಗಲದ ಆಯತ. ಆ ಜಾಗದಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಂತಳೆಂದು ಸೀಟಿ ಊದಿಸಿಕೊಳ್ಳಬಾರದು ಎಂದು ಅವಳು ಹಳೆಯ ಗೆರೆಯ ಹೊರಗೆ ನಿಲ್ಲುವುದನ್ನು ಕಲಿತಿದ್ದಾಳೆ, ಅಂದರೆ ಬೇಕಾದದ್ದಕ್ಕಿಂತ ಅರ್ಧ ಮೀಟರಿಗೂ ಹೆಚ್ಚು ದೂರ. ಅಲ್ಲಿಂದ ತಿರುಗಿ ಎಸೆದರೆ ಚೆಂಡು ಬೋರ್ಡಿಗೆ ತಾಗುವ ಕೋನವೇ ಬೇರೆ. ಎತ್ತರ ಜಿಗಿತದಿಂದ ಬಂದವಳು. ರಿಬೌಂಡಿಗೆ ಏರುವಾಗ ಅವಳಿಗೆ ಸರಿಸಾಟಿ ಗದಗಿನಲ್ಲಿ ಯಾರೂ ಇರಲಿಲ್ಲ. ಇಳಿದ ಮೇಲೆ ತೊಂದರೆ. ಚೆಂಡನ್ನು ಸೊಂಟದವರೆಗೆ ಇಳಿಸುತ್ತಾಳೆ, ಗಿಡ್ಡ ಗಾರ್ಡ್‌ಗಳು ಬಂದು ಕಿತ್ತುಕೊಳ್ಳುತ್ತಾರೆ. ಗದ್ದದ ಕೆಳಗೆ ಎರಡೂ ಮೊಣಕೈ ಅಗಲಿಸಿ ಹಿಡಿಯಬೇಕು. ಇದನ್ನು ಅವಳಿಗೆ ಯಾರೂ ಹೇಳಿಕೊಟ್ಟಿಲ್ಲ ಎಂದು ನೋಡಿದರೇ ತಿಳಿಯುತ್ತದೆ. ಇನ್ನೊಂದು ನಿಯಮ ಇಡೀ ತಂಡಕ್ಕೆ ತಿಳಿಯಬೇಕು. ರಿಂಗಿಗೆ ತಾಗಿ ಬಂದ ಚೆಂಡನ್ನು ಎಸೆದ ತಂಡವೇ ಹಿಡಿದರೆ ಮತ್ತೆ ಎಸೆಯಲು ಪೂರ್ತಿ 24 ಸೆಕೆಂಡ್ ಸಿಗುವುದಿಲ್ಲ, 14 ಮಾತ್ರ. ನಮ್ಮಲ್ಲಿ ಆ ಗಡಿಯಾರವಿಲ್ಲ. ಮೇಜಿನ ಬಳಿ ಒಬ್ಬ ಹುಡುಗ ಮೊಬೈಲ್ ನೋಡಿ ಕೂಗುತ್ತಿದ್ದ. 10 ಕಷ್ಟಪಟ್ಟು ಹಿಡಿದುಕೊಟ್ಟ ಚೆಂಡನ್ನು ನಮ್ಮವರು ನಿಧಾನವಾಗಿ ಮಧ್ಯದ ಗೆರೆಯವರೆಗೆ ಒಯ್ದು, ಕೂಗು ಕೇಳಿದ ಮೇಲೆ ಗಾಬರಿಯಿಂದ ಎಸೆದರು. ಎಂಟು ಫ್ರೀ ಥ್ರೋಗಳಲ್ಲಿ ಎರಡನ್ನಷ್ಟೇ ಹಾಕಿದ್ದರೂ ಅವಳದು ಎಂಟು ಪಾಯಿಂಟ್. ಒಂದು ವರ್ಷ ಕಾಯಿರಿ, ಈ ಹುಡುಗಿ ಯೂನಿವರ್ಸಿಟಿ ತಂಡದಲ್ಲಿರುತ್ತಾಳೆ.

ನಾಯಕಿ 4ರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಎರಡೂ ಕೈಯಲ್ಲಿ ಡ್ರಿಬಲ್ (ಚೆಂಡನ್ನು ನೆಲಕ್ಕೆ ಪುಟಿಸುತ್ತ ಸಾಗುವುದು), ತಲೆ ಎತ್ತಿ, ಕಣ್ಣು ಎದುರಿಗೆ. ಹತ್ತು ಪಾಯಿಂಟ್. ಆದರೆ ಇಬ್ಬರು ಬಂದು ಮುತ್ತಿದಾಗ ಡ್ರಿಬಲ್ ನಿಲ್ಲಿಸಿ ಚೆಂಡು ಕೈಗೆತ್ತಿಕೊಳ್ಳುತ್ತಾಳೆ, ಅಲ್ಲಿಗೆ ದಾರಿ ಮುಚ್ಚಿಹೋಗುತ್ತದೆ. ಮೂರನೇ ಕ್ವಾರ್ಟರಿನ ಆರಂಭದಲ್ಲೇ ಅವಳ ನಾಲ್ಕನೇ ಫೌಲ್ ಬರೆದೆ. ಐದನೆಯದಕ್ಕೆ ಹೊರಗೆ ಹೋಗಬೇಕಾಗುತ್ತದೆಂದು ನಮ್ಮ ಕೋಚ್ ಸರ್ ಅವಳನ್ನು ಕೂರಿಸಿದರು. ಸರಿಯಾದ ನಿರ್ಧಾರವೇ. ಅವಳ ಜಾಗಕ್ಕೆ ಬಂದ 5 ಮೊದಲ ವರ್ಷದವಳು. ಮೊದಲ ಎರಡು ಪಾಸ್‌ಗಳನ್ನೂ ಗದಗಿನವರ ಕೈಗೇ ಕೊಟ್ಟಳು. ಆಮೇಲೆ ಅಳಲಿಲ್ಲ, ಅಡಗಲಿಲ್ಲ, ಮತ್ತೆ ಚೆಂಡು ಕೇಳಿದಳು. ಅಷ್ಟು ಸಾಕು ಈಗ.

9 ಎಂದಿನಂತೆ: ಆರು ಪಾಯಿಂಟ್, ತಕರಾರಿಲ್ಲದ ಆಟ. 14 ಆಡಿದ್ದು ಕೆಲವೇ ನಿಮಿಷ, ಎರಡು ಫ್ರೀ ಥ್ರೋ ಎಸೆದು ಎರಡನ್ನೂ ಹಾಕಿದವಳು ಇಡೀ ತಂಡದಲ್ಲಿ ಇವಳೊಬ್ಬಳೇ.

ಇನ್ನು 11. ಸ್ಕೋರ್ ಶೀಟಿನಲ್ಲಿ ಇವಳ ಹೆಸರಿನ ಎದುರು ನಾಲ್ಕು ಪಾಯಿಂಟ್ ಮತ್ತು ಮೂರು ಫೌಲ್ ಬಿಟ್ಟು ಏನೂ ಇಲ್ಲ. ಭಾನುವಾರ ಅಂಕಣದಲ್ಲಿದ್ದ ನಮ್ಮ ಅತ್ಯುತ್ತಮ ಆಟಗಾರ್ತಿ ಇವಳು ಎಂದು ನಾನು ಹೇಳುತ್ತೇನೆ.

28–38ರಲ್ಲಿ ಹಿಂದೆ ಬಿದ್ದಿದ್ದಾಗ, ನಾಲ್ಕನೇ ಕ್ವಾರ್ಟರಿನ ಆರಂಭಕ್ಕೆ ಸರ್ ಇವಳನ್ನು ಇಳಿಸಿದರು. ಕಲಘಟಗಿ ಕಡೆಯ ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಬರುವ ಹುಡುಗಿ, ಹೈಸ್ಕೂಲಿನಲ್ಲಿ ಖೋ ಖೋ ಆಡಿದವಳು. ಖೋ ಖೋದಲ್ಲಿ ಬೆನ್ನಟ್ಟುವವಳು ಒಮ್ಮೆ ಹಿಡಿದ ದಿಕ್ಕನ್ನು ಬದಲಿಸುವಂತಿಲ್ಲ, ತಪ್ಪಿಸಿಕೊಳ್ಳುವವಳಿಗೆ ಆ ಕಟ್ಟಿಲ್ಲ. ಆದ್ದರಿಂದ ಎದುರಾಳಿಯ ಸೊಂಟ ಯಾವ ಕಡೆ ವಾಲುತ್ತದೆ ಎಂದು ಓದುವುದು ಇವಳ ರಕ್ತದಲ್ಲಿದೆ. ಗದಗಿನ ಆ ವೇಗದ ಗಾರ್ಡ್ ಎರಡು ಬಾರಿ ಭುಜ ಅಲ್ಲಾಡಿಸಿ ಮೋಸ ಮಾಡಲು ನೋಡಿದಳು. 11ರ ಕಣ್ಣು ಅವಳ ಸೊಂಟದಿಂದ ಕದಲಲಿಲ್ಲ. ಮೊಣಕಾಲು ಬಗ್ಗಿಸಿ, ಬೆನ್ನು ನೇರ ಇಟ್ಟು, ಕಾಲಿಗೆ ಕಾಲು ಅಡ್ಡ ಹಾಕದೆ ಪಕ್ಕಕ್ಕೆ ಸರಿಯುತ್ತ ಹೋದಳು. ಆ ಮೂಲೆಯಲ್ಲಿ ಜಿಟಿಜಿಟಿ ಮಳೆಯ ನೀರು ನಿಂತಿತ್ತು, ಗೋಣಿಚೀಲದಿಂದ ಒರೆಸಿದರೂ ಸಿಮೆಂಟ್ ಜಾರುತ್ತಿತ್ತು. ಇವಳ ಕಾಲು ಒಮ್ಮೆಯೂ ತಪ್ಪಲಿಲ್ಲ.

ಅದಕ್ಕಿಂತ ದೊಡ್ಡ ಕೆಲಸ ಬೇರೆ. ನಮ್ಮವರು ಯಾರೇ ಎಸೆಯಲಿ, ಚೆಂಡು ಕೈ ಬಿಟ್ಟ ಕ್ಷಣಕ್ಕೆ 11 ಬೆನ್ನು ತಿರುಗಿಸಿ ಹಿಂದಕ್ಕೆ ಓಡಿರುತ್ತಿದ್ದಳು. ಚೆಂಡು ಬಿತ್ತೋ ಇಲ್ಲವೋ ನೋಡುತ್ತಲೂ ಇರಲಿಲ್ಲ. ಗದಗಿನ ಸೆಂಟರ್ ರಿಬೌಂಡ್ ಹಿಡಿದು ತಲೆಯೆತ್ತಿದರೆ, ಪಾಸ್ ಹೋಗಬೇಕಾದ ದಾರಿಯಲ್ಲಿ 11 ನಿಂತಿರುತ್ತಿದ್ದಳು. ಹಿಂದಿನ ಕ್ವಾರ್ಟರಿನಲ್ಲಿ ಐದು ಲೇಅಪ್ ಕೊಟ್ಟ ತಂಡ ಈ ಕ್ವಾರ್ಟರಿನಲ್ಲಿ ಕೊಟ್ಟದ್ದು ಒಂದನ್ನು. ನಾವು 17, ಅವರು 12. ಇನ್ನು ಎರಡು ನಿಮಿಷ ಸಿಕ್ಕಿದ್ದರೆ ಫಲಿತಾಂಶ ಬೇರೆಯಾಗುತ್ತಿತ್ತು ಎಂದು ಗದಗಿನ ಕೋಚ್ ಕೂಡ ಒಪ್ಪಿಕೊಂಡರು.

ಕೊರತೆಗಳಿವೆ. ಡ್ರಿಬಲ್ ಬಲಗೈಯಲ್ಲಿ ಮಾತ್ರ, ಅದೂ ಚೆಂಡನ್ನೇ ನೋಡುತ್ತ. ಎಸೆತ ಎದೆಯಿಂದ ತಳ್ಳಿದಂತೆ. ಮೂರು ಫೌಲ್‌ಗಳೂ ಒಂದೇ ಬಗೆಯವು: ಕಾಲು ಸರಿಯಾದ ಜಾಗದಲ್ಲಿದ್ದಾಗಲೂ ಕೈ ಚಾಚಿ ಎದುರಾಳಿಯನ್ನು ಮುಟ್ಟುತ್ತಾಳೆ. ಖೋ ಖೋದಲ್ಲಿ ಮುಟ್ಟಿದರೆ ಔಟ್, ಇಲ್ಲಿ ಮುಟ್ಟಿದರೆ ಸೀಟಿ. ಕ್ವಾರ್ಟರಿನಲ್ಲಿ ತಂಡದ ಐದನೇ ಫೌಲಿನಿಂದ ಎದುರಾಳಿಗೆ ಎರಡೆರಡು ಫ್ರೀ ಥ್ರೋ ಸಿಗುತ್ತವೆ, ಆದ್ದರಿಂದ ಇದನ್ನು ಬೇಗ ತಿದ್ದಬೇಕು. ಅಭ್ಯಾಸದಲ್ಲಿ ಎರಡೂ ಕೈಯಲ್ಲಿ ಟವೆಲಿನ ತುದಿ ಹಿಡಿದು, ಅದನ್ನು ಕುತ್ತಿಗೆಯ ಹಿಂದೆ ಇಟ್ಟುಕೊಂಡು ಬರೀ ಕಾಲಿನಿಂದ ತಡೆಯುವಂತೆ ಮಾಡಿಸಿದರೆ ಕೈ ತಾನೇ ಸುಮ್ಮನಾಗುತ್ತದೆ. ನಮಗೆ ಹಾಗೆಯೇ ಮಾಡಿಸಿದ್ದರು.

ಪಂದ್ಯದ ನಂತರ ಮೇಜಿನ ಬಳಿ ಬಂದು ಕೇಳಿದಳು, "ಅಕ್ಕಾ, ನನ್ನದು ನಾಲ್ಕೇ ಪಾಯಿಂಟ್, ಅಲ್ಲವೇ?" ನಾನು ಗದಗಿನ ತಂಡದ ಕಾಲಂನಲ್ಲಿ ಕೊನೆಯ ಕ್ವಾರ್ಟರಿನ ಮೇಲೆ ಬೆರಳಿಟ್ಟೆ. "ನಿನ್ನ ಲೆಕ್ಕ ಇಲ್ಲಿದೆ ನೋಡು ತಂಗಿ. ಇಲ್ಲಿ ಎಷ್ಟು ಕಡಿಮೆ ಬರೆದಿದ್ದೇನೆ ಎಂದು ನೋಡು." ಅವಳು ಆ ಕಾಲಂ ಅನ್ನು ಬಹಳ ಹೊತ್ತು ಎಣಿಸಿದಳು.

ಕರ್ನಾಟಕ ವಿಶ್ವವಿದ್ಯಾಲಯದ ಅಂತರ ಕಾಲೇಜು ಟೂರ್ನಿಯಲ್ಲಿ ಗದಗಿನವರೂ ಇರುತ್ತಾರೆ, ಉತ್ತರ ಕನ್ನಡದ ಕಾಲೇಜುಗಳೂ ಬರುತ್ತವೆ. ಅಲ್ಲಿ ಚೆನ್ನಾಗಿ ಆಡಿದವರನ್ನೇ ವಿಶ್ವವಿದ್ಯಾಲಯದ ತಂಡಕ್ಕೆ ಆರಿಸಿ ದಕ್ಷಿಣ ವಲಯದ ಅಂತರ ವಿಶ್ವವಿದ್ಯಾಲಯ ಟೂರ್ನಿಗೆ ಕಳುಹಿಸುತ್ತಾರೆ. ಈ ಹುಡುಗಿಯರಲ್ಲಿ ಕನಿಷ್ಠ ಮೂವರಿಗೆ ಆ ಯೋಗ್ಯತೆ ಇದೆ. ಸರ್ ಅವರಲ್ಲಿ ನನ್ನ ವಿನಂತಿ: ಮುಂದಿನ ಅಭ್ಯಾಸ ಪಂದ್ಯದಲ್ಲಿ 4, 7, 9, 10ರ ಜೊತೆಗೆ 11ನ್ನು ಮೊದಲ ನಿಮಿಷದಿಂದಲೇ ಆಡಿಸಿ. 7 ಎಸೆಯುವಾಗ ಹಿಂದೆ ಓಡುವ ಜವಾಬ್ದಾರಿ 11ರದು, ಉಳಿದವರು ಎಸೆಯುವಾಗ 7ರದು ಎಂದು ಪಂದ್ಯಕ್ಕೆ ಮೊದಲೇ ಹೇಳಿಬಿಡಿ. 6ನೇ ಅಳತೆಯ ಚೆಂಡುಗಳಿಗೆ ಹಳೆಯ ಆಟಗಾರ್ತಿಯರಾದ ನಾವು ಹಣ ಕೂಡಿಸುತ್ತಿದ್ದೇವೆ. ಕಾಲೇಜಿನ ಅನುದಾನಕ್ಕೆ ಕಾಯುವುದು ಬೇಡ, ಈ ವಾರವೇ ತಂದುಕೊಡುತ್ತೇವೆ.