ಪೈಥಾನ್ ಟೆಸ್ಟ್‌ಗಳಿಗೆ ಯುವಿ: ದೀರ್ಘ ಬಳಕೆಯ ನಂತರದ ವಿಮರ್ಶೆ

ಪೈಥಾನ್ ಪ್ಯಾಕೇಜ್‌ಗಳನ್ನು ಆರಿಸಿ ಇನ್‌ಸ್ಟಾಲ್ ಮಾಡುವ ಉಪಕರಣ ಯುವಿ (uv) ಎಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ವೇಗದ ಮಾತು. ವೇಗ ನಿಜವೇ, ಆದರೆ ಹತ್ತು ದಿನ ಕಳೆದರೆ ಅದು ರೂಢಿಯಾಗಿಬಿಡುತ್ತದೆ. 2024ರ ಆಗಸ್ಟ್‌ನಲ್ಲಿ 0.3 ಆವೃತ್ತಿಯ ಜೊತೆ ಲಾಕ್ ಫೈಲ್ (ಯಾವ ಪ್ಯಾಕೇಜ್‌ನ ಯಾವ ಆವೃತ್ತಿ ಎಂದು ನಿಗದಿ ಮಾಡುವ ಪಟ್ಟಿ) ಬಂದಾಗಿನಿಂದ ಬಳಸಿದವರಿಗೆ ಸಿಗುವ ನಿಜವಾದ ಲಾಭ ಬೇರೆ: ಪ್ಯಾಕೇಜ್‌ಗಳ ಜಗಳ, ಅಂದರೆ ಆವೃತ್ತಿಗಳು ಒಂದಕ್ಕೊಂದು ಹೊಂದದಿರುವುದು, ಟೆಸ್ಟ್ ಓಡುವ ಹೊತ್ತಿಗಲ್ಲ, ಲಾಕ್ ಮಾಡುವಾಗಲೇ ಬಯಲಾಗುತ್ತದೆ. ಒಂದೇ ತಕರಾರು, ಪ್ಯಾಕೇಜ್‌ಗಳು ತಮ್ಮ ಮೆಟಾಡೇಟಾದಲ್ಲಿ (ತಮಗೆ ಬೇಕಾದವುಗಳ ವಿವರ) ಬರೆದುಕೊಂಡ ಜಗಳವಷ್ಟೇ ಅದಕ್ಕೆ ಕಾಣುತ್ತದೆ. ಬರೆಯದೆ ಬಿಟ್ಟದ್ದನ್ನು ನಾವೇ ಹೇಳಿಕೊಡಬೇಕು.

ಬರೆದುಕೊಂಡ ಜಗಳದ ವಿಷಯದಲ್ಲಿ ಯುವಿಗೆ ಪೂರ್ತಿ ಅಂಕ. ಯಾವ ಪ್ಯಾಕೇಜ್ ಯಾವುದರ ಯಾವ ಆವೃತ್ತಿ ಕೇಳುತ್ತಿದೆ, ಆದ್ದರಿಂದ ಯಾಕೆ ದಾರಿಯಿಲ್ಲ ಎಂಬುದನ್ನು ಸರಪಳಿಯಂತೆ ಬಿಡಿಸಿ ಹೇಳುತ್ತದೆ. ಈ ಸಂದೇಶವನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ ಬೇಗ ಅರ್ಥವಾಗುತ್ತದೆ. ಹೊಸಬರು ಎಡವುವುದು ಪೈಥಾನ್ ಆವೃತ್ತಿಯ ಸಾಲಿನಲ್ಲಿ. ಟೆಸ್ಟ್ ಓಡುವುದು 3.12ರಲ್ಲಿ ಮಾತ್ರ ಇರಬಹುದು. ಆದರೆ ಪ್ರಾಜೆಕ್ಟ್ ಫೈಲ್‌ನಲ್ಲಿ 3.8 ಮತ್ತು ಅದರ ಮೇಲಿನದು ಎಂದಿದ್ದರೆ ಯುವಿ 3.8ಕ್ಕೂ ಉತ್ತರ ಹುಡುಕುತ್ತದೆ. ಗಣಿತದ ಲೈಬ್ರರಿ ನಂಪೈ 2.0 ಕೇಳಿದ್ದರೆ, ಅದಕ್ಕೆ ಕನಿಷ್ಠ 3.9 ಬೇಕು, ಹಾಗಾಗಿ ಲಾಕ್ ಅಲ್ಲೇ ನಿಲ್ಲುತ್ತದೆ. ನಂಪೈ ಜೊತೆ ಗುದ್ದಾಡಬೇಡಿ, ನಿಜಕ್ಕೂ 3.8 ಬೇಕೇ ಎಂದು ನೋಡಿ, ಬೇಡವಾದರೆ ಆ ಸಾಲನ್ನು ಏರಿಸಿ.

ಇನ್ನೊಂದು ಮಾಮೂಲಿ ತೊಡಕು ಗುಂಪುಗಳದ್ದು, ಅಂದರೆ ಒಂದೊಂದು ಕೆಲಸಕ್ಕೆ ಬೇಕಾದ ಪ್ಯಾಕೇಜ್‌ಗಳ ಪಟ್ಟಿಗಳದ್ದು. ಡಾಕ್ಯುಮೆಂಟೇಶನ್ ಗುಂಪಿಗೆ ಒಂದು ಲೈಬ್ರರಿಯ ಹಳೆಯದು, ಟೆಸ್ಟ್ ಗುಂಪಿಗೆ ಹೊಸದು ಬೇಕೆಂದಿಟ್ಟುಕೊಳ್ಳಿ. ಎರಡನ್ನೂ ಒಟ್ಟಿಗೆ ಇನ್‌ಸ್ಟಾಲ್ ಮಾಡುವ ಪ್ರಸಂಗವೇ ಇಲ್ಲದಿದ್ದರೂ ಯುವಿ ಎಲ್ಲ ಗುಂಪುಗಳನ್ನೂ ಒಂದೇ ಲಾಕ್‌ನಲ್ಲಿ ಹೊಂದಿಸಲು ಹೊರಟು ಸೋಲುತ್ತದೆ. ಯುವಿ ಸೆಟ್ಟಿಂಗ್‌ನ ‘ಕಾನ್‌ಫ್ಲಿಕ್ಟ್ಸ್’ ಪಟ್ಟಿಯಲ್ಲಿ ಆ ಎರಡು ಗುಂಪುಗಳ ಹೆಸರು ಬರೆದರೆ ಬೇರೆ ಬೇರೆಯಾಗಿ ಬಿಡಿಸುತ್ತದೆ.

ಈಗ ಬರೆಯದ ಜಗಳ. ಸಿಐನಲ್ಲಿ (ಕೋಡ್ ಬದಲಾದಾಗಲೆಲ್ಲ ಟೆಸ್ಟ್ ತಾನಾಗಿ ಓಡುವ ವ್ಯವಸ್ಥೆ) ದಿನ ಹಾಳುಮಾಡುವುದು ಇದೇ. ವೆಬ್ ಫ್ರೇಮ್‌ವರ್ಕ್ ಫ್ಲಾಸ್ಕ್ 2.2 ತಾನು ನೆಚ್ಚಿಕೊಂಡ ವರ್ಕ್‌ಝೂಗ್‌ ಲೈಬ್ರರಿಗೆ ಕೆಳಮಿತಿ ಮಾತ್ರ ಬರೆದಿತ್ತು, ಮೇಲ್ಮಿತಿ ಇರಲಿಲ್ಲ. 2023ರ ಸೆಪ್ಟೆಂಬರ್ ಕೊನೆಗೆ ವರ್ಕ್‌ಝೂಗ್ 3.0 ಬಂದು ‘ಯುಆರ್‌ಎಲ್_ಕೋಟ್’ ಫಂಕ್ಷನ್ ತೆಗೆದುಹಾಕಿತು. ಫ್ಲಾಸ್ಕ್ ಇಂಪೋರ್ಟ್ ಆಗುವುದೇ ನಿಂತಿತು. ವೆಬ್ ವಿನಂತಿ ಕಳಿಸುವ ಲೈಬ್ರರಿ ಎಚ್‌ಟಿಟಿಪಿಎಕ್ಸ್ 0.28ರಲ್ಲೂ (2024ರ ನವೆಂಬರ್) ಹೀಗೇ: ‘ಆ್ಯಪ್’ ಆರ್ಗ್ಯುಮೆಂಟ್ ಹೋಯಿತು, ಅದನ್ನು ನಂಬಿದ್ದ ಹಳೆಯ ಸ್ಟಾರ್ಲೆಟ್‌ನ (ಇನ್ನೊಂದು ವೆಬ್ ಫ್ರೇಮ್‌ವರ್ಕ್) ಟೆಸ್ಟ್‌ಕ್ಲೈಂಟ್ ಟೈಪ್‌ಎರರ್ ಕೊಟ್ಟಿತು. ಇಂಥ ಜೋಡಿಗಳನ್ನು ಯಾವ ರಿಸಾಲ್ವರ್ (ಆವೃತ್ತಿಗಳನ್ನು ಹೊಂದಿಸುವ ಭಾಗ) ಆದರೂ ಹಸಿರು ಬಾವುಟ ತೋರಿಸಿ ಕಳಿಸುತ್ತದೆ. ಇನ್‌ಸ್ಟಾಲ್ ಆದವು ಹೊಂದುತ್ತವೆಯೇ ಎಂದು ನೋಡುವ ‘ಪಿಪ್ ಚೆಕ್’ ಕೂಡ ಎಲ್ಲ ಸರಿಯಿದೆ ಅನ್ನುತ್ತದೆ.

ಇಲ್ಲಿ ಟೆಸ್ಟ್ ಓಡಿಸುವ ಪೈಟೆಸ್ಟ್ ಮುಗಿಯುವಾಗ ಕೊಡುವ ಸಂಖ್ಯೆ, ಅಂದರೆ ಎಕ್ಸಿಟ್ ಕೋಡ್, ಮೊದಲು ನೋಡಿ. 1 ಎಂದರೆ ಟೆಸ್ಟ್ ಓಡಿ ಸೋತಿದೆ. 2 ಆದರೆ ಸಾಮಾನ್ಯವಾಗಿ ಟೆಸ್ಟ್ ಕಲೆಹಾಕುವಾಗಲೇ ಇಂಪೋರ್ಟ್ ಬಿದ್ದಿದೆ. ಟೆಸ್ಟ್‌ಗಳ ಸಾಮಾನ್ಯ ಸಿದ್ಧತೆ ಇರುವ ಕಾನ್‌ಫ್‌ಟೆಸ್ಟ್ ಫೈಲ್ ಲೋಡ್ ಆಗದಿದ್ದರೆ 4 ಬರುತ್ತದೆ. ಅದಕ್ಕೂ ಮೊದಲೇ ಕುಸಿದರೆ ಯಾವುದೋ ಪ್ಲಗಿನ್ ಮೇಲೆ ಅನುಮಾನ ಇಡಿ: ‘ಪೈಟೆಸ್ಟ್_ಡಿಸೇಬಲ್_ಪ್ಲಗಿನ್_ಆಟೋಲೋಡ್’ ಎಂಬ ಎನ್ವಿರಾನ್‌ಮೆಂಟ್ ವೇರಿಯಬಲ್‌ಗೆ 1 ಕೊಟ್ಟು ಓಡಿಸಿ, ಆಮೇಲೆ ಒಂದೊಂದೇ ಪ್ಲಗಿನ್ ಸೇರಿಸುತ್ತಾ ಹೋಗಿ. ತಪ್ಪಿತಸ್ಥ ಪ್ಯಾಕೇಜ್ ಗೊತ್ತಾದ ಮೇಲೆ ‘ಯುವಿ ಟ್ರೀ’ಗೆ ‘ಇನ್ವರ್ಟ್’ ಮತ್ತು ‘ಪ್ಯಾಕೇಜ್’ ಆಪ್ಷನ್ ಕೊಟ್ಟರೆ ಅದನ್ನು ಯಾರು ಎಳೆದು ತಂದರು ಎಂಬುದು ತಲೆಕೆಳಗಾದ ಮರದಲ್ಲಿ ಕಾಣುತ್ತದೆ.

ಪರಿಹಾರಕ್ಕೆ ಎರಡು ಸೆಟ್ಟಿಂಗ್‌ಗಳಿವೆ, ಇವನ್ನು ಬೆರೆಸಿಕೊಳ್ಳುವವರೇ ಹೆಚ್ಚು. ‘ಕನ್‌ಸ್ಟ್ರೇಂಟ್ ಡಿಪೆಂಡೆನ್ಸೀಸ್’ ಮಿತಿಯನ್ನು ಬಿಗಿಗೊಳಿಸುತ್ತದೆ, ಅಷ್ಟೆ. ವರ್ಕ್‌ಝೂಗ್ <3 ಎಂದು ಇಲ್ಲಿ ಬರೆದರೆ ಸಾಕು, ಫ್ಲಾಸ್ಕ್ ನವೀಕರಿಸುವವರೆಗೆ ನೆಮ್ಮದಿ. ‘ಓವರ್‌ರೈಡ್ ಡಿಪೆಂಡೆನ್ಸೀಸ್’ ಹಾಗಲ್ಲ, ಉಳಿದ ಪ್ಯಾಕೇಜ್‌ಗಳು ಕೇಳಿದ್ದನ್ನೆಲ್ಲ ಒರೆಸಿ ನಿಮ್ಮ ಮಾತನ್ನೇ ನಡೆಸುತ್ತದೆ. ಯಾರೋ ಸುಮ್ಮನೆ ಹಾಕಿದ ಮೇಲ್ಮಿತಿ ದಾಟಲು ಇದು ಸರಿ, ಆದರೆ ಪಕ್ಕದಲ್ಲಿ ಕಾರಣ ಮತ್ತು ದಿನಾಂಕದ ಕಾಮೆಂಟ್ ಇಲ್ಲದ ಓವರ್‌ರೈಡ್ ಆರು ತಿಂಗಳಲ್ಲಿ ತಾನೇ ಹೊಸ ದೋಷದ ಮೂಲವಾಗುತ್ತದೆ.

ನಿನ್ನೆ ಓಡಿದ ಟೆಸ್ಟ್ ಇಂದು ಓಡದಿದ್ದರೆ ‘ಎಕ್ಸ್‌ಕ್ಲೂಡ್ ನ್ಯೂಅರ್’ ಬಳಸಿ. ಒಂದು ದಿನಾಂಕ ಕೊಟ್ಟರೆ ಅದರ ನಂತರ ಬಂದ ಆವೃತ್ತಿಗಳೇ ಇಲ್ಲವೆಂಬಂತೆ ಲಾಕ್ ಮಾಡುತ್ತದೆ. ಜೊತೆಗೆ ‘ಅಪ್‌ಗ್ರೇಡ್’ ಆಪ್ಷನ್ ಕೊಡಿ, ಇಲ್ಲದಿದ್ದರೆ ಹಳೆಯ ಲಾಕ್‌ನ ಆಯ್ಕೆಗಳಿಗೇ ಅಂಟಿಕೊಳ್ಳಬಹುದು. ಟೆಸ್ಟ್ ಓಡಿದ ದಿನ ಮತ್ತು ಓಡದ ದಿನದ ನಡುವಿನ ಅವಧಿಯನ್ನು ಅರ್ಧರ್ಧ ಕಿರಿದಾಗಿಸುತ್ತಾ ಹೋದರೆ ಯಾವ ದಿನದ ಬಿಡುಗಡೆ ಕೆಡಿಸಿತೆಂಬುದು ಸಿಗುತ್ತದೆ. ಅಪ್‌ಲೋಡ್ ಸಮಯ ಕೊಡದ ಖಾಸಗಿ ಇಂಡೆಕ್ಸ್ (ಪ್ಯಾಕೇಜ್ ಭಂಡಾರ) ಇದ್ದರೆ ಈ ಉಪಾಯ ಕೈಕೊಡುತ್ತದೆ: ಅಲ್ಲಿಯ ಪ್ಯಾಕೇಜ್‌ಗಳನ್ನೇ ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಸಿಐನಲ್ಲಿ, ಲಾಕ್ ಪ್ರಕಾರ ಇನ್‌ಸ್ಟಾಲ್ ಮಾಡುವ ‘ಯುವಿ ಸಿಂಕ್’ಗೆ ‘ಲಾಕ್ಡ್’ ಹಾಕಿ, ‘ಫ್ರೋಜನ್’ ಬೇಡ. ಮೊದಲನೆಯದು ಪ್ರಾಜೆಕ್ಟ್ ಫೈಲ್ ಬದಲಾಗಿ ಲಾಕ್ ಹಳತಾಗಿದ್ದರೆ ತಡೆದು ನಿಲ್ಲಿಸುತ್ತದೆ, ಎರಡನೆಯದು ನೋಡುವುದೇ ಇಲ್ಲ.

ಕಿರಿಕಿರಿಗಳೂ ಇವೆ. ‘ಯುವಿಎಕ್ಸ್ ಪೈಟೆಸ್ಟ್’ ಎಂದರೆ ಪ್ರತ್ಯೇಕ ಎನ್ವಿರಾನ್‌ಮೆಂಟ್‌ನಲ್ಲಿ ಓಡುತ್ತದೆ, ನಿಮ್ಮ ಕೋಡ್ ಅದಕ್ಕೆ ಸಿಗುವುದಿಲ್ಲ. ‘ಯುವಿ ರನ್ ಪೈಟೆಸ್ಟ್’ ಸರಿಯಾದ ಆಜ್ಞೆ, ಆದರೆ ಪೈಟೆಸ್ಟ್ ಪ್ರಾಜೆಕ್ಟ್‌ನ ಡೆವ್ ಗುಂಪಿನಲ್ಲಿಲ್ಲದಿದ್ದರೆ ಸಿಸ್ಟಂನಲ್ಲಿರುವ ಇನ್ಯಾವುದೋ ಪೈಟೆಸ್ಟ್ ಎದ್ದು ಬಂದು ‘ಮಾಡ್ಯೂಲ್ ನಾಟ್ ಫೌಂಡ್’ ಎನ್ನಬಹುದು. ಪೈಥಾನ್ ಮೂಲಕ, ‘ಎಂ’ ಫ್ಲ್ಯಾಗ್ ಕೊಟ್ಟು ಪೈಟೆಸ್ಟ್ ಕರೆದರೆ ಈ ಗೊಂದಲ ಇಲ್ಲ. ನೀವು ನೇರವಾಗಿ ಕೇಳಿದ ಪ್ಯಾಕೇಜ್‌ಗಳ ಅತಿ ಹಳೆಯ ಆವೃತ್ತಿ ಆರಿಸುವ ‘ಲೋಯೆಸ್ಟ್ ಡೈರೆಕ್ಟ್’ ರೆಸಲ್ಯೂಶನ್ ನಿಮ್ಮ ಕೆಳಮಿತಿಗಳು ಸುಳ್ಳೋ ನಿಜವೋ ಎಂದು ಪರೀಕ್ಷಿಸಲು ತುಂಬಾ ಒಳ್ಳೆಯದು, ಆದರೆ ಲಾಕ್ ಫೈಲ್ ಅನ್ನೇ ತಿದ್ದಿಬಿಡುತ್ತದೆ. ಆ ಬದಲಾವಣೆಯನ್ನು ಕಮಿಟ್ ಮಾಡಬೇಡಿ. ಎಲ್ಲ ಪ್ಯಾಕೇಜ್‌ಗಳಿಗೂ ಹೀಗೆ ಮಾಡುವ ಬರೀ ‘ಲೋಯೆಸ್ಟ್’ ಬೇಡವೇ ಬೇಡ, ಎಲ್ಲೋ ಮೂಲೆಯ ಓಬೀರಾಯನ ಕಾಲದ ಪ್ಯಾಕೇಜ್ ಬಿಲ್ಡ್ ಆಗದೆ ಕೂರುತ್ತದೆ.

ವೀಲ್ (ಮೊದಲೇ ಬಿಲ್ಡ್ ಮಾಡಿಟ್ಟ ರೂಪ) ಇಲ್ಲದ ಪ್ಯಾಕೇಜ್‌ನ ಮೆಟಾಡೇಟಾ ತಿಳಿಯಲು ಕೆಲವೊಮ್ಮೆ ಅದನ್ನು ಬಿಲ್ಡ್ ಮಾಡಲೇಬೇಕಾಗುತ್ತದೆ, ಆಗ ಕಂಪೈಲರ್ ಇಲ್ಲದ ಕಂಟೇನರ್‌ನಲ್ಲಿ ಲಾಕ್ ಕೂಡ ಸೋಲುತ್ತದೆ. ಪೋಸ್ಟ್‌ಗ್ರೆಸ್ ಕ್ಲೈಂಟ್‌ನಂಥ ಸಿಸ್ಟಂ ಲೈಬ್ರರಿಗಳ ಗೊಡವೆಗೂ ಯುವಿ ಹೋಗುವುದಿಲ್ಲ. ಅವು ಕಂಟೇನರ್ ಇಮೇಜ್‌ನಲ್ಲೇ ಇರಬೇಕು.