ಮೂರು ದಾರಿಯಲ್ಲಿ ಡೌನ್‌ಲೋಡ್ ಮಾಡಿ ನೋಡಿದೆ

ಬಾಗಲಕೋಟೆಯ ನವನಗರದಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲೇ ಎಸ್‌ಎಸ್‌ಎಲ್‌ಸಿ ಮಕ್ಕಳಿಗೆ ಟ್ಯೂಷನ್ ಹೇಳಿಕೊಡುತ್ತೇನೆ. ಪಠ್ಯಪುಸ್ತಕದ ಪಿಡಿಎಫ್, ಹಳೇ ಪ್ರಶ್ನೆಪತ್ರಿಕೆ, ಕನ್ನಡ ಟೈಪಿಂಗ್‌ಗೆ ನುಡಿ, ಪಾಠದ ವಿಡಿಯೊ ತೋರಿಸಲು ವಿಎಲ್‌ಸಿ, ಹೀಗೆ ದಿನಾ ಏನಾದರೂ ಡೌನ್‌ಲೋಡ್ ಮಾಡುವುದು ಇದ್ದೇ ಇರುತ್ತದೆ. ಯಾವ ದಾರಿ ಹೊಸಬರಿಗೆ ಒಳ್ಳೆಯದು ಅಂತ ಮಕ್ಕಳ ತಾಯಂದಿರು ಆಗಾಗ ಕೇಳುತ್ತಾರೆ. ಸುಮ್ನೆ ಹೇಳುವುದಕ್ಕಿಂತ ಮಾಡಿ ನೋಡಿಯೇ ಹೇಳೋಣ ಅಂತ ಬೇಸಿಗೆ ರಜೆಯಲ್ಲಿ ಕೂತೆ.

ಮೊದಲನೆಯದು ಎಲ್ಲರೂ ಮಾಡುವುದು. ಗೂಗಲ್‌ನಲ್ಲಿ ಹೆಸರು ಹೊಡೆದು, ಮೊದಲು ಕಂಡ ಲಿಂಕ್ ಒತ್ತುವುದು. ವಿಡಿಯೊ ಪ್ಲೇಯರ್ ಹುಡುಕಿದಾಗ ನನಗೆ ಸಿಕ್ಕಿದ್ದು ನೂರಾರು ಸಾಫ್ಟ್‌ವೇರ್ ಒಟ್ಟುಹಾಕಿಟ್ಟ ಒಂದು ತಾಣ. ಒಂದೇ ಪುಟದಲ್ಲಿ ನಾಲ್ಕು ಹಸಿರು ಡೌನ್‌ಲೋಡ್ ಬಟನ್. ಮೌಸ್ ಮೇಲಿಟ್ಟು ಕೆಳಗಿನ ಮೂಲೆಯಲ್ಲಿ ಬರುವ ವಿಳಾಸ ಓದಿದೆ. ಮೂರು ಬಟನ್ ಬೇರೆ ಕಡೆಗೆ ಹೋಗುವ ಜಾಹೀರಾತು. ನಾಲ್ಕನೆಯದರಿಂದ ಇಳಿಸಿ 'ನೆಕ್ಸ್ಟ್, ನೆಕ್ಸ್ಟ್' ಒತ್ತಿದೆ. ಪ್ಲೇಯರ್ ಬಂತು, ಜೊತೆಗೆ ಬ್ರೌಸರ್‌ನ ಮೊದಲ ಪುಟವೂ ಬದಲಾಗಿತ್ತು. ಸರಿ ಮಾಡಲು ಎರಡು ಸಂಜೆ ಹೋಯಿತು. ಇನ್‌ಸ್ಟಾಲ್ ಆಗುವಾಗ ಮೊದಲೇ ಟಿಕ್ ಆಗಿರುವ ಒಂದು ಸಣ್ಣ ಚೌಕ ಇರುತ್ತದಲ್ವಾ, ಅದನ್ನು ತೆಗೆಯಬೇಕಿತ್ತು.

ಎರಡನೆಯದು ಡೌನ್‌ಲೋಡ್ ಮ್ಯಾನೇಜರ್. ಇದು ಫೈಲನ್ನು ತುಂಡು ತುಂಡಾಗಿ ಒಟ್ಟಿಗೆ ಇಳಿಸುತ್ತದೆ, ಕರೆಂಟ್ ಹೋದರೆ ನಿಂತಲ್ಲಿಂದ ಮುಂದುವರಿಸುತ್ತದೆ. ಬೇಸಿಗೆಯಲ್ಲಿ ನಮ್ಮ ಕಡೆ ಇದು ಸಣ್ಣ ಮಾತಲ್ಲ. ಒಂದು ಜಿಬಿಗಿಂತ ದೊಡ್ಡ ವಿಡಿಯೊಗೆ ನಿಜಕ್ಕೂ ಅನುಕೂಲ ಆಯಿತು. ಆದರೆ ಪಠ್ಯಪುಸ್ತಕದಂಥ ಸಣ್ಣ ಪಿಡಿಎಫ್‌ಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಮೇಲಾಗಿ, ನೀವು ನೋಡುವ ಎಲ್ಲ ಪುಟಗಳನ್ನೂ ಓದುವ ಅನುಮತಿಯನ್ನು ಅದು ಬ್ರೌಸರ್‌ನಲ್ಲಿ ಕೇಳುತ್ತದೆ. ಹೊಸಬರಿಗೆ ಬೇಡವೇ ಬೇಡ.

ಮೂರನೆಯದು, ಮಾಡಿದವರ ತಾಣಕ್ಕೇ ನೇರವಾಗಿ ಹೋಗುವುದು. ನುಡಿ ಬೇಕಾದರೆ ಕನ್ನಡ ಗಣಕ ಪರಿಷತ್ತು, ವಿಎಲ್‌ಸಿಗೆ ವಿಡಿಯೊಲ್ಯಾನ್, ಮಾದರಿ ಪ್ರಶ್ನೆಪತ್ರಿಕೆಗೆ ಶಾಲಾ ಪರೀಕ್ಷೆ ಮತ್ತು ಮೌಲ್ಯನಿರ್ಣಯ ಮಂಡಳಿ. ನಾನು ಆರಿಸಿಕೊಂಡಿದ್ದು ಇದನ್ನೇ. ಸರ್ಕಾರಿ ತಾಣ ಕೆಲವು ಸಂಜೆ ತೆರೆಯಲು ಬಹಳ ಹೊತ್ತು ಹಿಡಿಯುತ್ತದೆ, ಹುಡುಕಾಟವೂ ಜಾಸ್ತಿ. ಆದರೂ ಬಂದ ಫೈಲ್ ಮೇಲೆ ನಂಬಿಕೆ ಇರುತ್ತದೆ. ಸರ್ಕಾರಿ ತಾಣದ ವಿಳಾಸ ಓದುವಾಗ ಒಂದು ವಿಷಯ ನೋಡಿ. ಶುರುವಿನ 'https://' ಬಿಟ್ಟು, ಆಮೇಲೆ ಬರುವ ಮೊದಲ ಓರೆಗೆರೆಗೆ (/) ಮುಂಚೆ, ಕಟ್ಟಕಡೆಗೆ 'ಡಾಟ್ ಗವ್ ಡಾಟ್ ಇನ್' (.gov.in) ಇರಬೇಕು. ಅದು ನಡುವೆ ಎಲ್ಲೋ ಇದ್ದು, ಕೊನೆಗೆ ಬೇರೇನೋ ಇದ್ದರೆ ಅದು ಸರ್ಕಾರದ್ದಲ್ಲ.

ಫೋನಿನ ಕಥೆ ಬೇರೆ. ಇಳಕಲ್ಲಿನಿಂದ ಕಾಕಾ ಒಂದು ರಾತ್ರಿ ಫೋನ್ ಮಾಡಿದರು. "ಯವ್ವಾ, ವಾಟ್ಸಾಪಿಗೆ ಮದುವಿ ಕಾರ್ಡ್ ಬಂದೈತಿ, ತೆರೀವಲ್ದು. ಏನೋ ಪರ್ಮಿಷನ್ ಕೇಳಾಕತ್ತೈತಿ."

"ಕಾಕಾ, ಏನೂ ಒತ್ತಬ್ಯಾಡ್ರಿ. ಹೆಸರಿನ ಕೊನಿಗೆ ಏನೈತಿ ಓದ್ರಿ."

ಅವರು ಒಂದೊಂದೇ ಅಕ್ಷರ ಓದಿದರು. ಎ, ಪಿ, ಕೆ. ಮದುವೆ ಕಾರ್ಡ್ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ. ಎಪಿಕೆ ಅಂದರೆ ಅದು ಆ್ಯಪ್. ಇಂಥವು ಎಸ್‌ಎಂಎಸ್ ಓದುವ ಅನುಮತಿ ಪಡೆದು ಬ್ಯಾಂಕಿನ ಒಟಿಪಿ ಕದಿಯುತ್ತವೆ. ಕಾಕಾ ಅಲ್ಲೇ ಅಳಿಸಿದರು, ನನ್ನ ಎದೆ ಆಮೇಲೆ ತಣ್ಣಗಾಯಿತು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ಆ ನಂಬರನ್ನೂ ಬರೆಸಿಟ್ಟೆ. ಫೋನಿಗೆ ಪ್ಲೇ ಸ್ಟೋರ್ ಬಿಟ್ಟು ಬೇರೆ ಕಡೆಯಿಂದ ಆ್ಯಪ್ ಹಾಕಲೇಬೇಡಿ.

ಲ್ಯಾಪ್‌ಟಾಪ್‌ನಲ್ಲೂ ಹೆಸರಿನ ಈ ಬಾಲವೇ ಮುಖ್ಯ. ವಿಂಡೋಸ್ ಅದನ್ನು ಮುಚ್ಚಿಟ್ಟಿರುತ್ತದೆ. 'ಬಿಲ್.ಪಿಡಿಎಫ್.ಇಎಕ್ಸ್‌ಇ' ಅನ್ನುವುದು ನಮಗೆ ಬರೀ 'ಬಿಲ್.ಪಿಡಿಎಫ್' ಅಂತ ಕಾಣುತ್ತದೆ. ಇಎಕ್ಸ್‌ಇ ಅಂದರೆ ಅದು ಕಾಗದವಲ್ಲ, ಒತ್ತಿದರೆ ಓಡುವ ಪ್ರೋಗ್ರಾಂ. ಫೈಲ್ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಆನ್ ಮಾಡಿ.

ಅನುಮಾನ ಬಂದ ಫೈಲಿಗೆ ಎರಡು ಪರೀಕ್ಷೆ ಮಾಡಿ ನೋಡಿದೆ. ವಿಂಡೋಸ್ ಜೊತೆಗೇ ಬರುವ ಆ್ಯಂಟಿವೈರಸ್ ಡಿಫೆಂಡರ್ ಆದರೆ ರೈಟ್ ಕ್ಲಿಕ್ ಮಾಡಿ ಸ್ಕ್ಯಾನ್ ಒತ್ತಿದರೆ ಆಯಿತು, ಫೈಲನ್ನು ಯಾವ ತಾಣಕ್ಕೂ ನಾವು ಹಾಕಬೇಕಿಲ್ಲ. ವೈರಸ್‌ಟೋಟಲ್ ತಾಣಕ್ಕೆ ಹಾಕಿದರೆ ಹತ್ತಾರು ಆ್ಯಂಟಿವೈರಸ್‌ಗಳ ಅಭಿಪ್ರಾಯ ಒಂದೇ ಸಲ ಸಿಗುತ್ತದೆ. ಆದರೆ ಅಲ್ಲಿ ಹಾಕಿದ ಫೈಲ್ ಭದ್ರತಾ ಕಂಪನಿಗಳ ಕೈಗೂ ಹೋಗುತ್ತದೆ. ಆಧಾರ್, ಮಾರ್ಕ್ಸ್ ಕಾರ್ಡ್ ಅಲ್ಲಿಗೆ ಹಾಕಬೇಡಿ. ಸಾಫ್ಟ್‌ವೇರ್‌ಗೆ ವೈರಸ್‌ಟೋಟಲ್, ಸ್ವಂತ ಕಾಗದಪತ್ರಕ್ಕೆ ಡಿಫೆಂಡರ್. ನಾನು ಹಾಗೇ ಹಂಚಿಕೊಂಡಿದ್ದೇನೆ.

ಇನ್ನು ಜೋಡಿಸುವುದು. ಮೊದಲು ಪಿಡಿಎಫ್ ಒಂದು ಕಡೆ, ವಿಡಿಯೊ ಒಂದು ಕಡೆ ಅಂತ ಇಟ್ಟೆ. ಕೆಲಸಕ್ಕೆ ಬರಲಿಲ್ಲ. ಗಣಿತ ಪಾಠಕ್ಕೆ ಕೂತಾಗ ನಾಲ್ಕು ಫೋಲ್ಡರ್ ತೆರೆಯಬೇಕಾಗುತ್ತಿತ್ತು. ಈಗ ವಿಷಯಕ್ಕೊಂದು ಫೋಲ್ಡರ್, ಹೆಸರಿನಲ್ಲಿ ವರ್ಷ ಮೊದಲು. '2025_ಗಣಿತ_ಪರೀಕ್ಷೆ1' ಅಂತ ಬರೆದರೆ ಫೈಲ್‌ಗಳು ತಾವೇ ಸಾಲಾಗಿ ನಿಲ್ಲುತ್ತವೆ. ಕ್ರೋಮ್‌ನ ಡೌನ್‌ಲೋಡ್ಸ್ ಸೆಟ್ಟಿಂಗ್‌ನಲ್ಲಿ, ಪ್ರತಿ ಸಲ ಎಲ್ಲಿ ಇಡಬೇಕು ಅಂತ ಕೇಳುವ ಆಯ್ಕೆ ಇದೆ. ಅದನ್ನು ಆನ್ ಮಾಡಿದ ಮೇಲೆ, ಫೈಲ್ ಬರುವ ಮೊದಲೇ ಜಾಗವೂ ಹೆಸರೂ ಕೊಡುತ್ತೇನೆ. ಡೌನ್‌ಲೋಡ್ಸ್ ಫೋಲ್ಡರ್ ತುಂಬುವುದೇ ನಿಂತಿತು. ಈ ಒಂದು ಆಯ್ಕೆ ಉಳಿದೆಲ್ಲಕ್ಕಿಂತ ಜಾಸ್ತಿ ಉಪಯೋಗವಾಯಿತು.

ನಕಲು ಇಡಲು ಗೂಗಲ್ ಡ್ರೈವ್‌ನಲ್ಲಿ 15 ಜಿಬಿ ಉಚಿತ. ಜಿಮೇಲ್, ಫೋಟೋಸ್ ಎಲ್ಲಾ ಸೇರಿ ಅಷ್ಟೇ ಜಾಗ, ಹಾಗಾಗಿ ವಿಡಿಯೊಗೆ ಸಾಲದು. ಪ್ರಶ್ನೆಪತ್ರಿಕೆಗಳನ್ನು ಡ್ರೈವ್‌ಗೆ ಹಾಕಿದ್ದೇನೆ, ವಿಡಿಯೊಗಳು ಪೆನ್‌ಡ್ರೈವ್‌ನಲ್ಲಿವೆ. ಜೆರಾಕ್ಸ್ ಅಂಗಡಿಗೆ ಒಯ್ಯುವ ಪೆನ್‌ಡ್ರೈವ್ ಬೇರೆ. ಅದು ಊರ ಕಂಪ್ಯೂಟರ್‌ಗಳಿಗೆಲ್ಲ ಚುಚ್ಚಿ ಬರುವಂಥದ್ದು, ಮನೆಗೆ ಬಂದ ಕೂಡಲೇ ಮೊದಲು ಸ್ಕ್ಯಾನ್. ಅದಕ್ಕೆ ಗುರುತಿಗೆ ಕೆಂಪು ದಾರ ಕಟ್ಟಿದ್ದೇನೆ.