ಸಾಂತಾ ಕಾತೆರಿನಾ ಮಾರುಕಟ್ಟೆ: ಚಾವಣಿಗಿಂತ ನೆಲಮಾಳಿಗೆಗೆ ಹೆಚ್ಚು ಅಂಕ

ಬಾರ್ಸೆಲೋನಾದ ಸಾಂತಾ ಕಾತೆರಿನಾ ಮಾರುಕಟ್ಟೆಯ ಬಗ್ಗೆ ಮಾತು ಶುರುವಾಗುವುದೇ ಅದರ ಚಾವಣಿಯಿಂದ. ವಾಸ್ತುಶಿಲ್ಪಿ ದಂಪತಿ ಎನ್ರಿಕ್ ಮಿರಾಯೆಸ್ ಮತ್ತು ಬೆನೆದೆತ್ತಾ ತಾಲ್ಯಾಬುಯೆ ರೂಪಿಸಿದ ಆ ಅಲೆಯಾಕಾರದ ಮಾಡಿನ ಮೇಲೆ 67 ಬಣ್ಣಗಳ, 3 ಲಕ್ಷಕ್ಕೂ ಹೆಚ್ಚು ಷಟ್ಕೋನದ ಪಿಂಗಾಣಿ ಬಿಲ್ಲೆಗಳಿವೆ. ಕೆಳಗೆ ಚೀಲ ಹಿಡಿದು ನಿಂತ ಗಿರಾಕಿಗೆ ಮಾತ್ರ ಈ ಬಣ್ಣಗಳು ಕಾಣುವುದೇ ಇಲ್ಲ. ಸುತ್ತಲಿನ ಮನೆಗಳ ಮೇಲಂತಸ್ತಿನವರಿಗಷ್ಟೇ ಆ ಭಾಗ್ಯ.

ಹಿಂದೆ ಕ್ರೈಸ್ತ ಮಠವಿದ್ದ ಜಾಗದಲ್ಲಿ 1848ರಲ್ಲಿ ಆರಂಭವಾದ ಈ ಮಾರುಕಟ್ಟೆಯ ಹಳೆಯ ಹೊರಗೋಡೆಗಳನ್ನು ಉಳಿಸಿಕೊಂಡು ಒಳಭಾಗವನ್ನು ಹೊಸದಾಗಿ ಕಟ್ಟಲಾಗಿದೆ. ಅಗೆದಾಗ ಮಠದ ಅವಶೇಷಗಳು ಸಿಕ್ಕಿದ್ದರಿಂದ ಕೆಲಸ ಎಳೆಯಿತು. ಮಿರಾಯೆಸ್ 2000ದಲ್ಲಿ ತೀರಿಕೊಂಡರು. ಬಾಗಿಲು ಮತ್ತೆ ತೆರೆದದ್ದು 2005ರಲ್ಲಿ. ಇಂತಹ ನವೀಕರಣಗಳಲ್ಲಿ ಸಣ್ಣ ವ್ಯಾಪಾರಿಗಳು ಹೆಚ್ಚಾಗಿ ಸೋಲುವುದು ಕಾಮಗಾರಿ ನಡೆಯುವ ಈ ವರ್ಷಗಳಲ್ಲೇ, ಏಕೆಂದರೆ ವಾಡಿಕೆಯ ಗಿರಾಕಿ ಒಮ್ಮೆ ಬೇರೆ ದಾರಿ ಹಿಡಿದರೆ ಹಿಂದಿರುಗುವುದು ಅಪರೂಪ. ಇದನ್ನರಿತ ನಗರಾಡಳಿತ ವ್ಯಾಪಾರಿಗಳಿಗೆ ತಾತ್ಕಾಲಿಕ ಮಾರುಕಟ್ಟೆಯನ್ನು ಒದಗಿಸಿತ್ತು. ಅದೇ ಊರಿನ ಸಾಂತ್ ಆಂತೊನಿ ಮಾರುಕಟ್ಟೆಯ ದುರಸ್ತಿ 2009ರಿಂದ 2018ರವರೆಗೆ ನಡೆದಾಗಲೂ ಪಕ್ಕದ ಬೀದಿಯಲ್ಲೇ ವ್ಯಾಪಾರ ಮುಂದುವರಿಯಿತು.

ನನ್ನ ಮೆಚ್ಚುಗೆ ಹೆಚ್ಚಾಗಿ ಸಲ್ಲುವುದು ನೆಲಮಾಳಿಗೆಗೆ. ಸರಕು ಇಳಿಸುವ ಜಾಗ, ವಾಹನ ನಿಲುಗಡೆ, ಕೊಳವೆಯ ಮೂಲಕ ಕಸವನ್ನು ಗಾಳಿಯಿಂದ ಸೆಳೆದೊಯ್ಯುವ ವ್ಯವಸ್ಥೆ, ಇವೆಲ್ಲ ಕೆಳಗಿರುವುದರಿಂದ ಇಕ್ಕಟ್ಟಾದ ಓಣಿಗಳಲ್ಲಿ ಲಾರಿಗಳ ಗೋಜಲು ತಪ್ಪುತ್ತದೆ, ಮೀನು, ಮಾಂಸ, ತರಕಾರಿ ಮಾರುವವರ ದಿನದ ಶ್ರಮವೂ ತಗ್ಗುತ್ತದೆ. ಒಬ್ಬನೇ ನಡೆಸುವ ಅಂಗಡಿಯವನಿಗೆ ಇಂತಹ ಸೌಕರ್ಯವನ್ನು ಸ್ವಂತ ಖರ್ಚಿನಲ್ಲಿ ಮಾಡಿಕೊಳ್ಳಲು ಸಾಧ್ಯವೇ?

ಆಕ್ಷೇಪವೂ ಇದೆ. ನವೀಕರಣದ ನಂತರ ಮಳಿಗೆಗಳ ಸಂಖ್ಯೆ ಇಳಿದು, ಒಂದು ಸೂಪರ್ ಮಾರ್ಕೆಟ್ ಒಳಗೇ ಬಂದು ಕುಳಿತಿದೆ. ಸೋಪು, ಎಣ್ಣೆಗೆ ಬಂದವರು ತಾಜಾ ಮೀನನ್ನೂ ಕೊಳ್ಳುತ್ತಾರೆ ಎಂಬುದು ಇದರ ಹಿಂದಿನ ಲೆಕ್ಕಾಚಾರ. ಮೀನು ಮಾರುವವರಿಗೆ ಇದು ಸರಿಯಿರಬಹುದು. ಬೇಳೆಕಾಳು, ಡಬ್ಬಿ ಸಾಮಾನು ಮಾರುವ ಪುಟ್ಟ ಅಂಗಡಿಗೆ ಮಾತ್ರ ಪೈಪೋಟಿಯನ್ನು ಮನೆಯೊಳಗೇ ಕರೆತಂದಂತಾಗಿದೆ. ಆದರೂ ಮ್ಯಾಡ್ರಿಡ್‌ನ ಸಾನ್ ಮಿಗೆಲ್ ಮಾರುಕಟ್ಟೆಗೆ ಹೋಲಿಸಿದರೆ ಇಲ್ಲಿನ ಆಯ್ಕೆ ಮೇಲು: 1916ರ ಆ ಸುಂದರ ಕಬ್ಬಿಣದ ಕಟ್ಟಡ 2009ರಲ್ಲಿ ಮರಳಿ ತೆರೆದಾಗ ತಿಂಡಿ, ಮದ್ಯದ ತಾಣವಾಗಿ ಪ್ರವಾಸಿಗರ ಪಾಲಾಯಿತು. ಸಾಂತಾ ಕಾತೆರಿನಾದಲ್ಲಿ ನೆರೆಹೊರೆಯವರು ಇಂದಿಗೂ ಅಡುಗೆಗೆ ಬೇಕಾದದ್ದನ್ನು ಕೊಳ್ಳುತ್ತಾರೆ.

ಭಾನುವಾರ ರಜೆ. ಹೋಗುವುದಾದರೆ ಬೆಳಿಗ್ಗೆಯೇ ಹೋಗಿ, ಮಠದ ಅವಶೇಷಗಳಿರುವ ಹಿಂಬದಿಯನ್ನೂ ನೋಡಿ ಬನ್ನಿ.